ಅತ್ತೆಗೆ ಸಾಲದ ದೀಪ

ಯುದ್ಧದ ಕಾಲ. ಬಂಗಾರಪೇಟೆಯ ಅಂಗಡಿಗಳಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ನನ್ನ ಗಂಡ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನ ಹಳ್ಳಿಯ ಮನೆಯಲ್ಲಿ ನಾನು, ಅತ್ತೆ, ಎರಡು ಎಮ್ಮೆ.

ಲಾಂದ್ರ ಒಣಗಿದ ದಿನವೇ ಅತ್ತೆ ಶುರು ಮಾಡಿದರು. ತಾವು ಸೊಸೆಯಾಗಿ ಬಂದಾಗ ಸೀಮೆಎಣ್ಣೆಯ ವಾಸನೆಯೂ ಈ ಮನೆಗೆ ಗೊತ್ತಿರಲಿಲ್ಲವಂತೆ. ಕೆರೆಮಣ್ಣು, ಹೊಂಗೆಬೀಜ ಇದ್ದರೆ ಸಾಕಂತೆ. ಸರಿ, ಕೆರೆಯಿಂದ ಜೇಡಿಮಣ್ಣು ಹೊತ್ತು ತಂದು ಹಣತೆ ತಟ್ಟಿ ಒಲೆಯಲ್ಲಿ ಸುಟ್ಟೆ. ಎರಡು ಸೀಳಿದವು. ಉಳಿದೊಂದು ನಾನು ಸುರಿದ ಎಣ್ಣೆಯನ್ನೆಲ್ಲ ತಾನೇ ಕುಡಿದು ನೆಲಕ್ಕೆ ಇಳಿಸಿತು. ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಗುಳಿಯ ಕಲ್ಲನ್ನು ತೊಳೆದು ಅದರಲ್ಲೇ ಹೊಂಗೆ ಎಣ್ಣೆ ಹಾಕಿದೆ. ದೀಪ ಉರಿಯಿತು, ಹೊಗೆಯೂ ಎದ್ದಿತು.

ಮಂಕಾಗಿದೆ ಎಂದರು ಅತ್ತೆ. ಬತ್ತಿ ಸರಿಯಿಲ್ಲ, ಎಕ್ಕದ ಹತ್ತಿಯಲ್ಲಿ ಹೊಸೆ ಎಂದರು. ಹೊಸೆದೆ. ಆಗಲೂ ಮಂಕು. ಹೊಂಗೆ ಬೇಡ, ಹರಳೆಣ್ಣೆ ತೆಗೆ ಎಂದರು. ಹರಳುಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಚಿಪ್ಪಿನಲ್ಲಿ ತೆಗೆದು ಕಾಯಿಸುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು. ಬೆಳಕು ಹಳದಿಯಾಗಿ, ನಿಶ್ಚಲವಾಗಿ ನಿಂತಿತು. ನನಗಂತೂ ಅಕ್ಕಿಯೊಳಗಿನ ಕಲ್ಲು ಕಾಣುತ್ತಿತ್ತು. ಅತ್ತೆ ಮಾತ್ರ ಒಪ್ಪಲಿಲ್ಲ. ಹದಿನೈದು ದಿನ ಇದೇ ಪುರಾಣ. ಹಲ್ಲು ಕಚ್ಚಿಕೊಂಡು ಬತ್ತಿ ದಪ್ಪ ಮಾಡಿದೆ, ತೆಳ್ಳಗೆ ಮಾಡಿದೆ, ಎರಡು ಹಾಕಿದೆ.

ಒಂದು ಸಂಜೆ ಸಿಟ್ಟಿಗೆ ಉರಿಯುವ ದೀಪವನ್ನು ಅವರ ಮುಂದೆಯೇ ಕುಕ್ಕಿದೆ.

"ದೀಪ ಇನ್ನೂ ಅಚ್ಚಿಲ್ವೇನೇ? ಕತ್ಲಾಯ್ತು" ಎಂದರು.

ನನ್ನನ್ನು ಅಣಕಿಸುತ್ತಿದ್ದಾರೆ ಅಂದುಕೊಂಡೆ. ಒಂದು ಮಾತು ಆಡಿಯೇಬಿಡೋಣ ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಎಲೆಯಡಿಕೆ ಚೀಲಕ್ಕೆ ತಡಕಾಡುತ್ತಾ ಚಾಚಿದ ಕೈ ನೇರ ಉರಿಯ ಮೇಲೆ ಬಂತು. ಆ ಕೈಯನ್ನು ಹಿಂದಕ್ಕೆ ಎಳೆದೆ. ಬೆರಳತುದಿ ಸುಟ್ಟಿತ್ತು. ಅವರು ಮುಖ ತಿರುಗಿಸಿ ಕೂತರು.

"ಎಷ್ಟು ದಿನದಿಂದ ಇಂಗೆ, ಅತ್ತೆ?"

"ಯುಗಾದಿಯಿಂದ. ನಿನ್ನ ಗಂಡಂಗೆ ಯೋಳ್ಬ್ಯಾಡ ಕಣೇ. ಕೆಲಸ ಬಿಟ್ಟು ಬಂದುಬಿಡ್ತಾನೆ."

ಬೆರಳಿಗೆ ಬೆಣ್ಣೆ ಸವರಿದೆ. ಪಾಪ ಅನ್ನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ. ಕಣ್ಣು ಕಾಣಿಸುವುದಿಲ್ಲ ಎಂಬ ಒಂದು ಮಾತು ಹೇಳಿದ್ದರೆ ಅಷ್ಟು ಹರಳು ಕುಟ್ಟುವುದು ತಪ್ಪುತ್ತಿತ್ತಲ್ಲ! ಆ ವಾರ ಗಂಡ ಬಂದಾಗ, ಅತ್ತೆಯ ಎದುರೇ ಎಲ್ಲ ಹೇಳಿಬಿಟ್ಟೆ.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಯಲ್ಲಿ ತೆಗೆಸಿದರು, ಒಂದು ಕಣ್ಣು ಬಂತು, ಇನ್ನೊಂದು ಬರಲೇ ಇಲ್ಲ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮನೆಗೆ ಬಂದ ಅತ್ತೆ, ಪಡಸಾಲೆಯಲ್ಲಿ ನಿಂತು ಹೊಂಗೆ ಹೊಗೆ ಕುಡಿದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಗೋಡೆಯೆಲ್ಲಾ ಮಸಿ. ಮನೆ ಇಂಗಾ ಇಟ್ಕೊಳ್ಳೋದು?"

ಮರುದಿನ ಗೊಣಗುತ್ತಲೇ ಸುಣ್ಣ ಕಲಸಿದೆ.