ನಿಂಬೆ ಗಿಡದ ಹಾಡಿನ ಕೊನೆಯ ಪದ್ಯ

ಅದು ಇಪ್ಪತ್ತೊಂದು ನಿಮಿಷದ ಹಾಡು. ಅದರಲ್ಲಿ ಮೊದಲ ಹದಿಮೂರು ನಿಮಿಷ ಮಾತ್ರ ನನಗೆ ಗೊತ್ತು. ಉಳಿದದ್ದನ್ನು ಫೋನಿನಲ್ಲಿ ಹುಡುಕಿ ಕೇಳುವುದು ಕಷ್ಟವಲ್ಲ. ಆದರೆ ಒಬ್ಬಳೇ ಕೇಳಲು ಮನಸ್ಸು ಬರುವುದಿಲ್ಲ.

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನಮ್ಮದು ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳ ಬೀದಿ. ಎರಡು ಮನೆ ಆಚೆ ಮೈಸೂರಿನ ದಂಪತಿ. ಗಂಡ ನನಗಿಂತ ಹದಿನೈದು ವರ್ಷ ದೊಡ್ಡವರು, ನಾನು ಅವರನ್ನು ‘ಸಾರ್’ ಅನ್ನುತ್ತಿದ್ದೆ, ಹೆಂಡತಿಯನ್ನು ‘ಅಕ್ಕ’. ನನ್ನ ಆಫೀಸೂ ಅವರ ಆಫೀಸೂ ಫ್ರೀಮಾಂಟ್‌ನಲ್ಲಿ. ವಾರಕ್ಕೆ ಮೂರು ದಿನ ನನ್ನ ಕಾರಿನಲ್ಲೇ ಇಬ್ಬರೂ ಹೋಗಿ ಬರುತ್ತಿದ್ದೆವು. ಡ್ರೈವಿಂಗ್ ನನ್ನದು, ಅಕ್ಕ ಕೊಟ್ಟು ಕಳಿಸಿದ ಫ್ಲಾಸ್ಕಿನ ಕಾಫಿಯೂ ಸಂಗೀತವೂ ಅವರದು.

ಅವರು ಚಿಕ್ಕಂದಿನಿಂದ ಕೊಳಲು ನುಡಿಸಿದವರು. ಇಲ್ಲಿನ ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ, ಬರೀ ಮುಖಪುಟದ ಚಿತ್ರ ಚೆನ್ನಾಗಿದೆ ಎಂದು, ಎಪ್ಪತ್ತರ ದಶಕದ ಇಟಲಿಯ ರಾಕ್ ತಂಡವೊಂದರ ಎಲ್‌ಪಿ ಕೊಂಡು ತಂದಿದ್ದರಂತೆ. ಮನೆಗೆ ತಂದು ಹಾಕಿದರೆ ಡ್ರಮ್ಮಿನ ಬದಲು ಕೊಳಲು ಕೇಳಿಸಿತು. ಅಲ್ಲಿಂದ ಹಿಡಿದ ಹುಚ್ಚು. ಆ ಕಾಲದ ಇಟಲಿಯ ಹುಡುಗರು ಚರ್ಚಿನ ಆರ್ಗನ್ನು, ಪಿಟೀಲು, ಹನ್ನೆರಡು ತಂತಿಯ ಗಿಟಾರು ಎಲ್ಲವನ್ನೂ ರಾಕ್‌ಗೆ ಎಳೆದು ತಂದು, ಮೇಲೆ ಕವಿತೆ ಓದುತ್ತಿದ್ದರು. ಒಂದೊಂದು ಹಾಡೂ ರೆಕಾರ್ಡಿನ ಒಂದು ಪೂರ್ತಿ ಮಗ್ಗುಲು.

ಮೊದಲ ದಿನ ಕೇಳಿ ನಾನು, “ಇದೇನ್ ಸಾರ್, ಹಾಡೋ ಹೋಮಾನೋ? ಮುಗಿಯೋದೇ ಇಲ್ವಲ್ಲ,” ಅಂದಿದ್ದೆ.

“ಇನ್ನೂ ಆಲಾಪನೆ ಕಣ್ರೀ ಮೇಡಂ. ನಿಮ್ಮ ಸಿನಿಮಾ ಹಾಡಿನ ಥರ ನಾಲ್ಕೇ ನಿಮಿಷಕ್ಕೆ ಮದುವೆ ಮಾಡ್ಸಿ ಮನೆಗೆ ಕಳ್ಸಲ್ಲ ಇವ್ರು.”

ಅವರಿಗೊಂದು ನಿಯಮವಿತ್ತು. ಹಾಡನ್ನು ನಡುವೆ ನಿಲ್ಲಿಸಬಾರದು. “ಕಚೇರೀಲಿ ಪಲ್ಲವಿ ನಡೀತಿರುವಾಗ ಎದ್ದು ಹೋಗ್ತೀರಾ? ವಿದ್ವಾಂಸರಿಗೆ ಮಾಡೋ ಅವಮಾನ ಅದು,” ಅನ್ನುತ್ತಿದ್ದರು. ಹಾಗಾಗಿ ಆಫೀಸಿನ ಪಾರ್ಕಿಂಗ್ ತಲುಪಿದ ಮೇಲೂ ಕಾರಿನಲ್ಲೇ ಕೂತಿರುತ್ತಿದ್ದೆವು. ಅವರ ಎಡಗೈ ನನ್ನ ಸೀಟಿನ ಬೆನ್ನಿನ ಮೇಲೆ, ಅಲ್ಲಿ ಇಲ್ಲದ ಕೊಳಲೊಂದರ ಮೇಲೆ ಬೆರಳುಗಳು ಆಡುತ್ತಿದ್ದವು. ಮೀಟಿಂಗಿಗೆ ತಡವಾಗಿ ಹೋಗಿ ‘ಟ್ರಾಫಿಕ್’ ಎಂದು ಸುಳ್ಳು ಹೇಳುವುದು ಇಬ್ಬರಿಗೂ ಅಭ್ಯಾಸವಾಯಿತು. ಸಂಜೆ ಮನೆ ಮುಂದೆಯೂ ಅಷ್ಟೇ. ನನ್ನ ಮಗಳು ಕಿಟಕಿ ತಟ್ಟಿ, “ಅಂಕಲ್, ಇಸ್ ಇಟ್ ಓವರ್ ಯೆಟ್?” ಎಂದು ಕೇಳುವಳು. “ಇನ್ನೊಂದ್ ಚೂರು ಪುಟ್ಟಾ,” ಅನ್ನುವರು. ಆ ಚೂರು ಎಂದರೆ ಆರೇಳು ನಿಮಿಷ.

ನಿಂಬೆ ಗಿಡದ ಹಾಡನ್ನು ಮಾತ್ರ ಅವರು ಬಹಳ ದಿನ ಹಾಕಲಿಲ್ಲ. “ಅರ್ಥ ತಿಳ್ಕೊಂಡು ಕೇಳ್ಬೇಕು ಇದನ್ನ,” ಎಂದು ರೆಕಾರ್ಡಿನ ಜೊತೆ ಬಂದ ಹಾಳೆಯನ್ನೂ ನಿಘಂಟನ್ನೂ ಇಟ್ಟುಕೊಂಡು, ವಾರಕ್ಕೊಂದು ಪದ್ಯದಂತೆ ಕನ್ನಡ ಮಾಡಿ ತರುತ್ತಿದ್ದರು. ಆಫೀಸಿನ ಹಳದಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದನ್ನು ಸಿಗ್ನಲ್ ಬಿದ್ದಾಗ ಓದುವರು. ಬಾಡಿಗೆ ಮನೆ ಖಾಲಿ ಮಾಡಿ ಹೊರಟ ಒಬ್ಬಾತ, ಹಿತ್ತಲಲ್ಲಿ ತಾನು ನೆಟ್ಟ ನಿಂಬೆ ಗಿಡದ ಬಗ್ಗೆ ಆ ಮನೆಗೆ ಬರಲಿರುವವನಿಗೆ ಹೇಳುತ್ತಾನೆ. ಇಷ್ಟು ನೀರು ಹಾಕು, ಬಿಸಿಲು ಹೆಚ್ಚಾದರೆ ಹೀಗೆ ಮಾಡು, ಮೊದಲ ಕಾಯಿ ಬಿಟ್ಟಾಗ ನನಗೊಂದು ಮಾತು ತಿಳಿಸು. ನಾಲ್ಕು ಪದ್ಯಗಳಲ್ಲಿ ಇದಿಷ್ಟೇ. ನಾನು ಇಲ್ಲಿಗೆ ಬಂದ ಮೇಲೆ ಐದು ಬಾಡಿಗೆ ಮನೆ ಬದಲಿಸಿದವಳು. ನಾಲ್ಕನೆಯ ಪದ್ಯ ಓದಿದ ದಿನ ಹಿಂದಿನ ಕಾರಿನವನು ಹಾರ್ನ್ ಮಾಡುವವರೆಗೂ ಹಸಿರು ದೀಪ ನನಗೆ ಕಾಣಿಸಲಿಲ್ಲ.

“ಐದನೇದು?” ಎಂದು ಕೇಳಿದೆ.

“ಅದ್ರಲ್ಲಿ ಹೊಸಬ ಉತ್ತರ ಕೊಡ್ತಾನೆ. ಅದನ್ನ ಹಾಡು ಮುಗಿದ ಮೇಲೇ ಹೇಳೋದು.”

ಆ ದಿನ ನವೆಂಬರಿನ ಒಂದು ಗುರುವಾರ. ಗಾಳಿ ಜೋರಾಗುತ್ತದೆಂದು ಎಚ್ಚರಿಕೆ ಬಂದಿದ್ದರಿಂದ ಮಧ್ಯಾಹ್ನವೇ ಆಫೀಸು ಬಿಟ್ಟೆವು. ಸರೋವರದ ದಂಡೆಯ ರಸ್ತೆಯಲ್ಲಿ ಆಗಲೇ ಟೊಂಗೆಗಳು ಬಿದ್ದಿದ್ದವು. ನಮ್ಮೂರಿಗೆ ಮುಂಚಿನ ಊರು ಕೆನ್‌ಮೋರ್ ದಾಟುವಾಗ ಅವರು, “ಇವತ್ತು ಹಾಕೇಬಿಡೋಣ,” ಎಂದು ಆ ಹಾಡು ಹಾಕಿದರು. ಮೊದಲು ಗಿಟಾರು ಒಂದೇ, ಹಿತ್ತಲಲ್ಲಿ ಯಾರೋ ಕೂತು ನುಡಿಸಿದ ಹಾಗೆ. ಆಮೇಲೆ ಒಬ್ಬ ಗಂಡಸಿನ ಧ್ವನಿ, ಅರ್ಧ ಓದು, ಅರ್ಧ ಹಾಡು. ಪದಗಳು ತಿಳಿಯದಿದ್ದರೂ ಎಲ್ಲಿ ನೀರಿನ ಮಾತು, ಎಲ್ಲಿ ಬಿಸಿಲಿನ ಮಾತು ಎಂದು ಗೊತ್ತಾಗುತ್ತಿತ್ತು.

ನಾನು ಎಂದಿನಂತೆ ಸಾಲು ಮನೆಗಳ ತುದಿಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದೆ. ಅದರ ಪಕ್ಕ ದೊಡ್ಡದೊಂದು ಫರ್ ಮರ. ಕಾರಿನ ಮುಂದಿನ ಗಾಜಿನೊಳಗಿಂದ ತಲೆಯೆತ್ತಿ ನೋಡಿದೆ. ಮರದ ತುದಿ ಅಲ್ಲ, ಬುಡವೇ ಅಲುಗುತ್ತಿದೆ ಅನ್ನಿಸಿತು. ನನಗೆ ಹೆದರಿಕೆಯಾಯಿತು. ಹೇಳಲಿಲ್ಲ. ಹಿಂದಿನ ವರ್ಷದ ಗಾಳಿಗೆ ನಾನು ಬೆಚ್ಚಿದ್ದಾಗ ಅವರು, “ಗಾಳಿಗೆ ಹೆದರೋರು ಸಿಯಾಟಲ್‌ಗೆ ಯಾಕ್ರೀ ಬಂದ್ರಿ, ಬೆಂಗಳೂರಲ್ಲೇ ಹೊಗೆ ಕುಡ್ಕೊಂಡು ಇರ್ಬೋದಿತ್ತಲ್ಲ,” ಎಂದು ಎಲ್ಲರೆದುರು ನಗಿಸಿದ್ದರು. ಮತ್ತೆ ಆ ನಗೆ ಬೇಡವೆನ್ನಿಸಿತು. “ಮಗಳು ಬರೋ ಹೊತ್ತಾಯ್ತು ಸಾರ್, ನೀವು ಮುಗಿಸ್ಕೊಂಡು ಬನ್ನಿ. ಕೀ ಒಳಗೇ ಇರ್ಲಿ,” ಅಂದೆ. ಮಗಳು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು.

ಅವರು ಕಣ್ಣು ಮುಚ್ಚಿಯೇ ತಲೆಯಾಡಿಸಿದರು. ಕೊಳಲು ಶುರುವಾಗಿತ್ತು.

ಕಾರಿನಿಂದ ನನ್ನ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಬೀಗಕ್ಕೆ ಕೀ ಹಾಕುವಾಗ ಹಿಂದಿನಿಂದ ಬಂದದ್ದು ಮರ ಮುರಿದ ಸದ್ದಲ್ಲ. ದಪ್ಪ ಗೋಣಿಯನ್ನು ಯಾರೋ ನಿಧಾನವಾಗಿ ಹರಿಯುತ್ತಿರುವ ಹಾಗೆ, ನೆಲದೊಳಗಿಂದ. ತಿರುಗಿದೆ. ಬೇರಿನ ಸಮೇತ ಮಣ್ಣು ಎದ್ದು ನಿಲ್ಲುವುದು ಕಾಣಿಸಿತು. ಕೂಗಲು ಬಾಯಿ ತೆರೆದೆ. ಕೂಗಿದೆನೋ ಇಲ್ಲವೋ ಇಂದಿಗೂ ತಿಳಿಯದು.

ಕಾಂಡ ಸರಿಯಾಗಿ ನಾನು ಕೂತಿದ್ದ ಸೀಟಿನ ಮೇಲೆ ಬಿತ್ತು. ಕಾರಿನ ಆ ಅರ್ಧ ಇಲ್ಲವೇ ಇಲ್ಲ ಅನ್ನುವ ಹಾಗೆ ಚಪ್ಪಟೆಯಾಗಿತ್ತು. ಇನ್ನರ್ಧದಲ್ಲಿ ಅವರಿದ್ದರು. ನಾನು ಓಡಿದೆ. ಟೊಂಗೆಗಳ ನಡುವಿನಿಂದ ಹಾಡು ಹಾಗೇ ಕೇಳಿಸುತ್ತಿತ್ತು, ಅದೇ ಕೊಳಲು. ನಾನು ‘ಸಾರ್, ಸಾರ್’ ಅನ್ನುತ್ತಿದ್ದೇನೆ, ಉತ್ತರವಿಲ್ಲ, ಕೊಳಲು ಮಾತ್ರ ತನ್ನ ಪಾಡಿಗೆ ಮೇಲೇರುತ್ತಿದೆ. ಎದುರು ಮನೆಯ ಅಮೆರಿಕನ್ ಮುದುಕರೊಬ್ಬರು ಬಂದು, ಒಡೆದ ಕಿಟಕಿಯೊಳಗೆ ಕೈ ತೂರಿಸಿ ಎಂಜಿನ್ ಆರಿಸಿದರು. ಹಾಡು ನಿಂತಿತು. ಆಗ ಒಳಗಿಂದ ಅವರ ನರಳಾಟ ಕೇಳಿಸಿತು. ಅಷ್ಟು ಸಮಾಧಾನ ಕೊಟ್ಟ ಸದ್ದನ್ನು ನಾನು ಬೇರೆ ಕೇಳಿಲ್ಲ.

ಜೀವಕ್ಕೆ ಅಪಾಯವಾಗಲಿಲ್ಲ. ನನ್ನ ಸೀಟಿನ ಬೆನ್ನಿನ ಮೇಲಿದ್ದ ಎಡಗೈ ಮಾತ್ರ ಜಜ್ಜಿಹೋಗಿತ್ತು. ಎರಡು ಆಪರೇಷನ್ ಆದವು. ಕಪ್ ಹಿಡಿಯಬಹುದು, ಅಂಗಿಯ ಗುಂಡಿ ಹಾಕಬಹುದು. ಎರಡು ಬೆರಳು ಮಡಿಚಿದಂತೇ ಉಳಿದವು, ಕೊಳಲಿನ ತೂತಿಗೆ ತಾಗುವುದಿಲ್ಲ. ಅವರು ಮನೆಯಿಂದಲೇ ಕೆಲಸ ಮಾಡತೊಡಗಿದರು.

ನಾನು ಹೊಸ ಕಾರಿನಲ್ಲಿ ಒಬ್ಬಳೇ ಫ್ರೀಮಾಂಟ್‌ಗೆ ಹೋಗಿ ಬರುತ್ತಿದ್ದೆ. ಮೀಟಿಂಗಿಗೆ ಒಂದು ದಿನವೂ ತಡವಾಗಲಿಲ್ಲ. ರಸ್ತೆ ಬದಿಯ ಮರಗಳ ಬುಡ ನೋಡುತ್ತಾ ಓಡಿಸುವುದು ರೂಢಿಯಾಯಿತು. ಬನ್ನಿ ಒಳಗೆ, ಮರ ಅಲ್ಲಾಡ್ತಿದೆ. ಹೇಳಬೇಕಿದ್ದದ್ದು ಇಷ್ಟೇ. ಸ್ನಾನ ಮಾಡುವಾಗ, ಅನ್ನಕ್ಕಿಡುವಾಗ, ಆ ಮಾತನ್ನು ನಾನು ಹೇಳುತ್ತೇನೆ. ಅವರು ನಗುತ್ತಾರೆ, ಗೊಣಗುತ್ತಾರೆ, ಇಳಿದು ಬರುತ್ತಾರೆ, ಮರ ಖಾಲಿ ಕಾರಿನ ಮೇಲೆ ಬೀಳುತ್ತದೆ. ಪ್ರತಿ ಸಲವೂ ಹಾಗೇ ಆಗುತ್ತದೆ. ಬೆಳಿಗ್ಗೆ ಮಾತ್ರ ಪಕ್ಕದ ಸೀಟು ಖಾಲಿ, ಫ್ಲಾಸ್ಕ್ ಇಲ್ಲ.

ಮಾರ್ಚಿನಲ್ಲಿ ಒಂದು ಶನಿವಾರ ಅವರೇ ಫೋನ್ ಮಾಡಿದರು. “ಮೇಡಂ, ದೇವಸ್ಥಾನಕ್ಕೆ ಹೋಗ್ತೀರಾ? ನನ್ನೂ ಕರ್ಕೊಂಡು ಹೋಗಿ. ಆ ಹಾಡು ಬಾಕಿ ಉಳಿದಿದೆಯಲ್ಲ.”

ದೇವಸ್ಥಾನದ ಪಾರ್ಕಿಂಗ್‌ನ ನಟ್ಟನಡುವೆ, ಸುತ್ತ ಒಂದು ಗಿಡವೂ ಇಲ್ಲದ ಜಾಗ ನೋಡಿ ನಿಲ್ಲಿಸಿದೆ. ಅವರು ಅದನ್ನು ಗಮನಿಸಿದರು. ಹಾಡು ಹಾಕುವ ಮೊದಲು ನಾನು ಹೇಳಿಬಿಟ್ಟೆ. “ಸಾರ್, ಅವತ್ತು ಮಗಳು ಬರೋ ಹೊತ್ತಾಗಿರ್ಲಿಲ್ಲ. ಮರ ನೋಡಿ ಹೆದರಿ ಇಳಿದೆ. ನಿಮ್ಮನ್ನ ಕರೀಲಿಲ್ಲ.”

ಅವರು ತಮ್ಮ ಎಡಗೈ ನೋಡಿಕೊಂಡರು. “ಕರೆದಿದ್ರೂ ಬರ್ತಿರ್ಲಿಲ್ಲ ಬಿಡಿ. ನಿಮ್ಮನ್ನೂ ಕೂರ್ಸಿಕೊಳ್ತಿದ್ದೆ. ಆಗ ಏನಾಗ್ತಿತ್ತು?”

ಆ ಮಾತನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಅವರು ಅದನ್ನೇ ಯೋಚಿಸುತ್ತಾ ಇದ್ದರೆಂದು ಆಗ ತಿಳಿಯಿತು.

“ಮೊದಲಿಂದ ಹಾಕಿ,” ಅಂದರು. “ಮಧ್ಯದಿಂದ ಕೇಳಬಾರದು.”

ಹಾಕಿದೆ. ಗಿಟಾರು, ಓದುವ ಧ್ವನಿ, ನೀರು, ಬಿಸಿಲು. ಹಳೆಯ ಬೆಳಗುಗಳೆಲ್ಲ ಒಟ್ಟಿಗೆ ಕಾರಿನೊಳಗೆ ಬಂದು ಕೂತವು. ಆರ್ಗನ್ನು ಏರಿ ಇಳಿಯಿತು. ಕೊಳಲು ಬಂತು. ಅವರ ಎಡಗೈ ಈಗ ತೊಡೆಯ ಮೇಲಿತ್ತು. ಮೂರು ಬೆರಳು ಅಲುಗಿದವು, ಎರಡು ಅಲುಗಲಿಲ್ಲ. ನಾನು ಬಾಗಿಲಿನ ಹಿಡಿ ಮುಟ್ಟಲಿಲ್ಲ. ಈ ಸಲ ಏನೇ ಆದರೂ ಇಳಿಯುವುದಿಲ್ಲವೆಂದು ನಿಶ್ಚಯಿಸಿದ್ದೆ.

ಅಷ್ಟರಲ್ಲಿ ಒಂದು ಸಲ ಗಾಳಿ ಬೀಸಿತು. ಜೋರಿನದ್ದೇನಲ್ಲ, ಯಾರದೋ ಸೀರೆಯ ಸೆರಗು ಹಾರಿಸಿ, ಖಾಲಿ ದೊನ್ನೆಯೊಂದನ್ನು ಉರುಳಿಸಿಕೊಂಡು ಹೋದ ಗಾಳಿ. ನಾನು ಅಲುಗಲಿಲ್ಲ. ಅವರು ಥಟ್ಟನೆ ಕಣ್ಣು ತೆರೆದು ಮೇಲೆ ನೋಡಿದರು. ಮೇಲೆ ಬರೀ ಆಕಾಶವಿತ್ತು. ಆದರೂ ಬಲಗೈ ಚಾಚಿ ಹಾಡು ನಿಲ್ಲಿಸಿದರು.

“ನಡೀರಿ,” ಅಂದರು. “ಒಳಗೆ ಹೋಗೋಣ. ಮಂಗಳಾರತಿ ಆಗ್ಬಹುದು.”

ಮಂಗಳಾರತಿಗೆ ಇನ್ನೂ ಬಹಳ ಹೊತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅವರಿಗಿಂತ ಮೊದಲೇ ಇಳಿದು, ಅವರ ಕಡೆಯ ಬಾಗಿಲು ತೆರೆದು ಹಿಡಿದೆ.

ಆಮೇಲೆ ಆ ಹಾಡಿನ ಮಾತು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ನಿಂಬೆ ಗಿಡಕ್ಕೆ ಕಾಯಿ ಬಿಟ್ಟಿತೇ, ಹೊಸಬ ಏನೆಂದು ಉತ್ತರ ಕೊಟ್ಟ, ನನಗೆ ತಿಳಿಯದು. ಅದಕ್ಕಿಂತ ಹೆಚ್ಚಾಗಿ ನನಗೆ ಬೇಕೆನ್ನಿಸುವುದು ಬೇರೆ. ಒಂದು ದಿನ ಆಫೀಸಿನ ಪಾರ್ಕಿಂಗ್‌ನಲ್ಲಿ ಮೀಟಿಂಗಿಗೆ ತಡವಾಗುತ್ತಿರಬೇಕು, ನಾನು ಗಡಿಯಾರ ನೋಡಬೇಕು, ಅವರು ಕಣ್ಣು ಮುಚ್ಚಿಕೊಂಡೇ, “ಇನ್ನೊಂದ್ ಚೂರು,” ಅನ್ನಬೇಕು.