ಅವ್ವ ಚಪ್ಪಾಳೆ ಹೊಡೆದ ನೈನ್ ಬಾಲ್

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನಾನೊಂದು ಪೂಲ್ ಹಾಲ್ ನಡೆಸುತ್ತೇನೆ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟಗಳ ಜಾಗ. ಅವ್ವ ಹಲ್ಲಿನ ಡಾಕ್ಟರ ಬಳಿ ಬಂದಾಗಲೆಲ್ಲ, ಊರಿಗೆ ಮರಳುವ ಮನೋಳಿಯ ಬಸ್ಸು ಬರುವವರೆಗೂ ನಮ್ಮ ಫ್ಯಾನಿನ ಕೆಳಗೆ ಕೂರುತ್ತಿದ್ದಳು. ಅವಳನ್ನು ಕಂಡರೆ ಹುಡುಗರ ಬಾಯಿಯ ಬೈಗುಳ ತಾನಾಗಿಯೇ ನಿಲ್ಲುತ್ತಿತ್ತು.

ನನ್ನ ಜೀವ ಸ್ನೂಕರಿನ ಮೇಲೆ. ಹಾಗಾಗಿ ಅವಳಿಗೆ ಮೊದಲು ಅದನ್ನೇ ತೋರಿಸಿದೆ. ಎದುರಾಳಿಗೆ ನೇರ ಹೊಡೆತ ಸಿಗದಂತೆ ನಾನು ಬಿಳಿ ಚೆಂಡನ್ನು ಕರಿ ಚೆಂಡಿನ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲಿಸಿ ತಿರುಗಿದರೆ, ಅವ್ವ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಇನ್ನೊಮ್ಮೆ ಏಟ್ ಬಾಲ್ ನೋಡಿದಳು. ಒಬ್ಬನಿಗೆ ಪೂರಾ ಬಣ್ಣದ ಚೆಂಡುಗಳು, ಇನ್ನೊಬ್ಬನಿಗೆ ಪಟ್ಟಿ ಇರುವವು, ಕೊನೆಗೆ ಎಂಟನೆಯದು. "ಯಾರದು ಯಾವುದು ಅಂತ ನೆನಪ ಇಡೂದ್ರಾಗ ಆಟನ ಮುಗದ ಹೋಗತೈತಿ," ಎಂದಳು.

ನೈನ್ ಬಾಲ್ ಮಾತ್ರ ಅವಳಿಗೆ ಒಂದೇ ಮಾತಿನಲ್ಲಿ ತಿಳಿಯಿತು. ಮೇಜಿನ ಮೇಲಿನ ಅತಿ ಸಣ್ಣ ನಂಬರಿಗೆ ಮೊದಲು ತಾಗಿಸಬೇಕು, ಯಾವ ಹೊಡೆತದಲ್ಲಾದರೂ ಸರಿ, ಒಂಬತ್ತನ್ನು ತೂತಿಗೆ ಇಳಿಸಿದವನು ಗೆದ್ದ. ಅದು ಅದೃಷ್ಟದ ಆಟ, ಸಹನೆ ಇಲ್ಲದವರ ಆಟ ಎಂದು ನಾನು ಮೂಗು ಮುರಿಯುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅವ್ವ ಫ್ಯಾನಿನ ಕೆಳಗೆ ಕೂತಿದ್ದಾಗ ಕಿತ್ತೂರಿನ ಟೇಲರ್ ಒಬ್ಬ ಬಂದಿದ್ದ. ನನಗೂ ಅವನಿಗೂ ನೈನ್ ಬಾಲ್ ಪಂದ್ಯ, ಇಬ್ಬರೂ ಸಮಸಮ. ಉಳಿದಿದ್ದು ಕೊನೆಯ ಆಟ, ಮೊದಲ ಹೊಡೆತ ಅವನದು. ನಾನು ನನ್ನ ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕುತ್ತಿದ್ದೆ. ಚೆಂಡುಗಳು ಸಿಡಿದು ಚದುರಿದವು. ಒಂಬತ್ತನೆಯ ಚೆಂಡು ಮೇಜಿನ ಎರಡು ಅಂಚಿಗೆ ಬಡಿದು, ಮೂಲೆಯ ತೂತಿನ ಬಾಯಲ್ಲಿ ತಡವರಿಸಿ, ಒಳಗೆ ಬಿತ್ತು.

ಮುಗಿದಿತ್ತು. ನಾನು ಕೋಲನ್ನು ಮೇಜಿಗೆ ತಾಗಿಸಿಯೂ ಇರಲಿಲ್ಲ. ಟೇಲರನೇ ಬಾಯಿ ತೆರೆದುಕೊಂಡು ನಿಂತಿದ್ದ.

ಆಮೇಲೆ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದೆ. ಅವ್ವ. ಎದ್ದು ನಿಂತಿದ್ದಳು, ಸೆರಗು ಜಾರಿದ್ದೂ ಗೊತ್ತಿರಲಿಲ್ಲ. ಮದುವೆಮನೆಯಲ್ಲೂ ಅವಳು ಚಪ್ಪಾಳೆ ಹೊಡೆದಿದ್ದನ್ನು ನಾನು ಕಂಡಿಲ್ಲ. ಸೋತ ಏಟಿಗಿಂತ ಈ ಏಟು ಜೋರಾಗಿತ್ತು.

"ಅವ್ವಾ, ಸೋತಾಂವ ನಾನಬೇ," ಎಂದೆ.

"ಗೊತ್ತೈತಿ. ನೀ ಹಂಗ ಹೊಡದಿದ್ರ ನಿನಗೂ ಚಪ್ಪಾಳಿ ಬಡೀತಿದ್ನಿ. ಎದಿ ಝಲ್ ಅಂತು ನೋಡು."

ಆಗ ಉಳಿದವರೂ ಚಪ್ಪಾಳೆ ಹೊಡೆದರು. ಟೇಲರ್ ಬಂದು ಅವಳ ಕಾಲು ಮುಟ್ಟಿದ.

ಇಷ್ಟು ವರ್ಷ ನಾನು, ನೋಡುವವರೂ ನನ್ನಂತೆಯೇ ನೋಡುತ್ತಾರೆ ಎಂದುಕೊಂಡಿದ್ದೆ. ಬಿಳಿ ಚೆಂಡು ಎಲ್ಲಿ ನಿಂತಿತು ಎಂಬುದು ಆಡುವವನ ಸುಖ. ಕುರ್ಚಿಯಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ. ಅವರಿಗೆ ಬೇಕಾದದ್ದು ಈಗಲೋ ಆಗಲೋ ಆಟ ಮುಗಿದುಬಿಡಬಹುದು ಎಂಬ ಅಂಜಿಕೆ.

ಸಂಜೆ ಅವ್ವನನ್ನು ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಅವಳು ಕೇಳಿದಳು, "ಆ ಟೇಲರ್ ಮತ್ತ ಯಾವಾಗ ಬರ್ತಾನ?"

"ಮುಂದಿನ ಐತಾರ," ಎಂದೆ.

ಭಾನುವಾರ ಈಗ ನಮ್ಮಲ್ಲಿ ನೈನ್ ಬಾಲ್ ಮಾತ್ರ. ಸ್ನೂಕರನ್ನು ನಾನು ಬೆಳಿಗ್ಗೆ, ಯಾರೂ ಇಲ್ಲದಾಗ ಆಡಿಕೊಳ್ಳುತ್ತೇನೆ.