ಬಕೆಟ್ಟಿನ ನೀರು

ಗದಗದಲ್ಲಿ ನೀರಿನ ಬವಣೆ ಉಂಡು ಬೆಳೆದ ಚನ್ನಬಸಪ್ಪನಿಗೆ ನೀರು ಚೆಲ್ಲುವುದೆಂದರೆ ಪ್ರಾಣಸಂಕಟ. ಬ್ಯಾಂಕಿನ ವರ್ಗಾವಣೆಯಲ್ಲಿ ಅಹಮದಾಬಾದಿಗೆ ಬಂದ ಮೇಲೂ ಅದು ಬಿಡಲಿಲ್ಲ. ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಕುಡಿಯುವ ನೀರು ಸೋಸುವ ಆರ್‌ಓ ಯಂತ್ರ ಹೊರಹಾಕುವ ನೀರನ್ನೂ ಹೆಂಡತಿ ಸುಮಂಗಲಾ ಬಕೆಟ್ಟಿನಲ್ಲಿ ಹಿಡಿದಿಡುತ್ತಿದ್ದಳು. ನೆಲ ಒರೆಸಿ ಮಿಕ್ಕಿದ್ದನ್ನು ಅವನು ಕಾರಿನ ರೇಡಿಯೇಟರಿಗೆ ಸುರಿಯುತ್ತಿದ್ದ. ಅದರ ನೀರು ದಿನಾ ಕಡಿಮೆಯಾಗುತ್ತಿತ್ತು, ದಿನಾ ಸುರಿಯುತ್ತಿದ್ದ. ಯಾಕೆ ಕಡಿಮೆಯಾಗುತ್ತಿದೆ ಎಂದು ಯೋಚಿಸುವಷ್ಟು ತ್ರಾಣವನ್ನು ಬ್ಯಾಂಕು ಉಳಿಸುತ್ತಿರಲಿಲ್ಲ.

ಇವತ್ತು ನವರಂಗಪುರದ ಸಿಗ್ನಲ್ಲಿನಲ್ಲಿ ಕಾರು ಹಬೆ ಉಗುಳಿ ನಿಂತಿತು. ಗ್ಯಾರೇಜಿನ ಭರತ್‌ಭಾಯಿ ವಾಟರ್ ಪಂಪ್ ಬಿಚ್ಚಿ ತೋರಿಸಿದ. ನೀರು ತಳ್ಳುವ ರೆಕ್ಕೆಗಳು ತುಕ್ಕು ತಿಂದು ಮೋಟಾಗಿದ್ದವು. ಸೋರಿದ ಕಡೆಯೆಲ್ಲ ಉಪ್ಪು ಬೆಳ್ಳಗೆ ಕಟ್ಟಿತ್ತು. ನಡುವಿನ ಅಚ್ಚು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ಕೌನ್ಸಾ ಪಾನಿ ಡಾಲಾ, ಸಾಹಬ್?" ಯಾವ ನೀರು ಹಾಕಿದ್ದೆಂದು ಅವನ ಪ್ರಶ್ನೆ.

"ಆರ್‌ಓ ಕಾ."

ಕುಡಿಯುವುದೋ, ಯಂತ್ರ ಹೊರಗೆ ಬಿಡುವುದೋ ಎಂದು ಭರತ್‌ಭಾಯಿ ಕೇಳಿದ. ಉಪ್ಪೆಲ್ಲ ಉಳಿಯುವುದು ಆ ಎರಡನೆಯದರಲ್ಲೇ, ಅದು ಕಬ್ಬಿಣವನ್ನು ತಿನ್ನದೆ ಬಿಡುತ್ತದೆಯೇ ಎಂದ.

ಸಂಜೆ ಮನೆಯಲ್ಲಿ ಬಕೆಟ್ಟು ಮತ್ತೆ ತುಂಬಿತ್ತು. ಸಂಗತಿ ಕೇಳಿದ ಸುಮಂಗಲಾ, "ಚೆಲ್ಲಿ ಬರ್ಲೇನ್ರಿ?" ಎಂದಳು. ಚನ್ನಬಸಪ್ಪ ತಾನೇ ಅದನ್ನು ಬಚ್ಚಲಿಗೆ ಒಯ್ದು ಬಾಗಿಸಿದ. ಚೆಲ್ಲಲು ಕೈ ಬರಲಿಲ್ಲ. ಕೆಳಗಿಟ್ಟು ಗೋಡೆಗೊರಗಿದ.

"ಇರ್ಲಿ ಬಿಡ. ಗ್ಯಾರೇಜಿಂದ ಕಾರ್ ಬಂದ್ ಮ್ಯಾಲೆ ಇದ್ರಾಗ ಅದನ್ನರ ತೊಳದ್ರಾತು."